ಕಡತ

ಕಚೇರಿಯ ಫೈಲಿಗೂ ಕಂಪ್ಯೂಟರಿನ ಫೈಲಿಗೂ ಇಂದು ನಾವು ಬಳಸುವ ‘ಕಡತ’ ಮೊದಲು ಬಟ್ಟೆಯ ಪುಸ್ತಕದ ಹೆಸರು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಆ ಕಪ್ಪಿನ ಮೇಲೆ ಬಳಪದ ಬಿಳಿ ಅಕ್ಷರ. ವರ್ತಕರ ಲೆಕ್ಕ, ಮಠ-ಮನೆತನಗಳ ದಾಖಲೆ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ದೊಡ್ಡ ಆಕರ. ಬೇಡವಾದದ್ದನ್ನು ಒರಸಿ ಮತ್ತೆ ಬರೆಯಬಹುದಿತ್ತು.

ಜಾಲತಾಣಕ್ಕಾಗಿ ಬರಹಗಳನ್ನು ಡೇಟಾಬೇಸಿನಲ್ಲಿ ಇಡುವವರು ಮಾತ್ರ ಹಾಗೆ ಒರಸಬಾರದು. ಕಡತದ ಹೆಸರು, ಭಾಷೆ, ತಾರೀಖು ಒಂದು ಕೋಷ್ಟಕದಲ್ಲಿರಲಿ. ಪಠ್ಯ ಇನ್ನೊಂದರಲ್ಲಿದ್ದು, ತಿದ್ದಿದಾಗಲೆಲ್ಲ ಅಲ್ಲಿ ಹೊಸ ಸಾಲು ಸೇರಲಿ. ಕನ್ನಡಿಗರು ಗಮನಿಸಲೇಬೇಕಾದ ಲೆಕ್ಕವೊಂದಿದೆ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಕಡತ’ ಎಂದರೆ 9 ಬೈಟ್. ‘ಕ್ಷ’ ಒಂದೇ ಅಕ್ಷರವಾಗಿ ಕಂಡರೂ ಅದಕ್ಕೂ 9. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ ‘ಟೆಕ್ಸ್ಟ್’ ಅಂಕಣ ಹಿಡಿಯುವುದು 65,535 ಬೈಟ್. ಇಂಗ್ಲಿಷ್ ಬರಹಕ್ಕೆ ಧಾರಾಳವಾದ ಈ ಜಾಗ ಕನ್ನಡದ ನೀಳ್ಗತೆಗೆ ಸಾಲದೆ ಹೋಗಬಹುದು. ಅದಕ್ಕಿಂತ ದೊಡ್ಡದಾದ ‘ಮೀಡಿಯಂಟೆಕ್ಸ್ಟ್’ ಆರಿಸಿಕೊಳ್ಳುವುದೇ ಕ್ಷೇಮ.