ನೀರಿನ ಭಾರ ಮಹಡಿ ಹತ್ತಿದ ಬಗೆ

ಮೀನಿನ ತೊಟ್ಟಿ ಮನೆಯೊಳಗೆ ಬಂದದ್ದು ಗಾಜು ಅಗ್ಗವಾದ ಮೇಲೆ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ಸುಂಕವನ್ನು 1845ರಲ್ಲಿ ತೆಗೆದರು. ಐದು ವರ್ಷಕ್ಕೆ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್, ಮೀನು, ನೀರುಗಿಡ, ಬಸವನಹುಳು ಮೂರೂ ಒಂದೇ ತೊಟ್ಟಿಯಲ್ಲಿದ್ದರೆ ಪದೇ ಪದೇ ನೀರು ಬದಲಿಸಬೇಕಿಲ್ಲ ಎಂದು ತೋರಿಸಿಕೊಟ್ಟ. 1853ರಲ್ಲಿ ಲಂಡನ್ ಮೃಗಾಲಯ ಮತ್ಸ್ಯಾಲಯ ತೆರೆಯಿತು. ಅಲ್ಲಿಂದ ಹುಚ್ಚು ಮನೆಮನೆಗೆ ಹಬ್ಬಿತು.

ಈ ಹೆಸರುಗಳನ್ನೆಲ್ಲ ನಾನು ಓದಿ ತಿಳಿದದ್ದು ತಡವಾಗಿ. ಕಸುಬು ಕಲಿತದ್ದು ಅಪ್ಪನಿಂದ, ಬೆಂಗಳೂರಿನ ಶಿವಾಜಿನಗರದಲ್ಲಿ. ಅಪ್ಪ ಕಬ್ಬಿಣದ ಆಂಗಲ್ ಬೆಸೆದು ಚೌಕಟ್ಟು ಮಾಡಿ, ಒಳಗೆ ಪುಟ್ಟಿ ಮೆತ್ತಿ ಗಾಜು ಕೂರಿಸುತ್ತಿದ್ದರು. ಅಗಸೆ ಎಣ್ಣೆ ಹಾಕಿ ಪುಟ್ಟಿಯನ್ನು ಅಂಗೈಯಲ್ಲೇ ನಾದುವರು. ಬೆರಳಿಗೆ ಅಂಟದೆ, ಬಿರಿಯದೆ ಹಗ್ಗದ ಹಾಗೆ ಹೊಸೆಯಲು ಬಂದರೆ ಹದ. ನೀರು ತುಂಬಿದಾಗ ಅದರ ಒತ್ತಡವೇ ಗಾಜನ್ನು ಪುಟ್ಟಿಗೆ ಅದುಮಿ ಹಿಡಿಯುತ್ತಿತ್ತು. ತೊಟ್ಟಿಯನ್ನು ಬೇಸಿಗೆಯಲ್ಲಿ ಖಾಲಿ ಬಿಟ್ಟರೋ, ಪುಟ್ಟಿ ಒಣಗಿ ಬಿರಿದು ಮುಂದಿನ ಸಲ ಸೋರುವುದು ಖಂಡಿತ. ಹಾಗಾಗಿ ದೊಡ್ಡ ತೊಟ್ಟಿಗೆ ಅಪ್ಪ ಕೈ ಹಾಕುತ್ತಿರಲಿಲ್ಲ. ನೆಲದ ಚಿಂತೆಯೂ ಹುಟ್ಟಲಿಲ್ಲ. ಗಿರಾಕಿಗಳೆಲ್ಲ ನೆಲಮಟ್ಟದ ಮನೆಯವರು.

ಈ ಲೆಕ್ಕವನ್ನು ಬದಲಿಸಿದ್ದು ಸಿಲಿಕೋನ್. ಅಮೆರಿಕದಲ್ಲಿ 1960ರ ದಶಕದಲ್ಲೇ ಚೌಕಟ್ಟಿಲ್ಲದೆ ಬರೀ ಗಾಜಿಗೆ ಗಾಜು ಅಂಟಿಸಿದ ತೊಟ್ಟಿಗಳು ಬಂದಿದ್ದವು. ನಮ್ಮ ಬೀದಿಗೆ ಅದು ಬರುವ ಹೊತ್ತಿಗೆ ಊರು ಮೇಲೇರತೊಡಗಿತ್ತು. 1983ರಲ್ಲಿ ಕಬ್ಬನ್ ಪಾರ್ಕಿನ ಬದಿಯಲ್ಲಿ ಸರ್ಕಾರಿ ಮತ್ಸ್ಯಾಲಯ ತೆರೆಯಿತು. ಅದನ್ನು ನೋಡಿ ಬಂದ ಮಕ್ಕಳು ಅಂಥದ್ದೇ ಬೇಕೆಂದು ಅಪ್ಪ ಅಮ್ಮನನ್ನು ನಮ್ಮ ಅಂಗಡಿಗೆ ಎಳೆದುಕೊಂಡು ಬರುತ್ತಿದ್ದರು. ಆಮೇಲಾಮೇಲೆ ನಾಲ್ಕಡಿ, ಆರಡಿ ತೊಟ್ಟಿಗಳಿಗೂ ಗಿರಾಕಿ ಹುಟ್ಟಿದರು, ಅದೂ ಏಳನೆಯ ಮಹಡಿಗೆ. ಗಾಜು ತಡೆಯುತ್ತದೋ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿತ್ತು. ನೆಲ ತಡೆಯುತ್ತದೋ ಎಂದರೆ ಇಡೀ ಕಸುಬಿನಲ್ಲೇ ಉತ್ತರವಿರಲಿಲ್ಲ. ಅದನ್ನು ಕಟ್ಟಡದ ಎಂಜಿನಿಯರುಗಳಿಂದ ಕೇಳಿ ಕಲಿಯಬೇಕಾಯಿತು.

ಲೀಟರ್ ನೀರು ಒಂದು ಕೆ.ಜಿ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 450 ಲೀಟರ್ ಹಿಡಿಯುತ್ತದೆ. ಗಾಜು, ಜಲ್ಲಿ, ಸ್ಟ್ಯಾಂಡ್ ಸೇರಿದರೆ 600 ಕೆ.ಜಿ.ಯ ಆಸುಪಾಸು. ಅಷ್ಟೂ ಎಂಟು ಚದರಡಿಯಲ್ಲಿ ನಿಲ್ಲುತ್ತದೆ. ಮನೆಯ ಕೋಣೆಯ ಬಳಕೆಯ ಭಾರಕ್ಕೆಂದು ನಮ್ಮ ಭಾರತೀಯ ಮಾನಕ ಇಟ್ಟುಕೊಂಡಿರುವುದು ಚದರ ಮೀಟರಿಗೆ ಹೆಚ್ಚುಕಡಿಮೆ 200 ಕೆ.ಜಿ.; ತೊಟ್ಟಿಯ ಅಡಿಯಲ್ಲಿ ಬೀಳುವುದು ಅದರ ನಾಲ್ಕು ಪಟ್ಟು. ಹಾಗೆಂದ ಮಾತ್ರಕ್ಕೆ ಸ್ಲ್ಯಾಬ್ ಕುಸಿಯುತ್ತದೆಂದಲ್ಲ, ಭಾರ ಸುತ್ತ ಹಂಚಿಹೋಗುತ್ತದೆ. ಆದರೆ ಹಾಲಿನ ನಟ್ಟನಡುವೆ ಇಡುವುದಕ್ಕೂ ಬೀಮಿನ ಮೇಲೆ, ಪಿಲ್ಲರಿನ ಹತ್ತಿರ ಇಡುವುದಕ್ಕೂ ಅಜಗಜಾಂತರ.

ನಿಮ್ಮ ನೆಲವನ್ನು ಹೊತ್ತ ಬೀಮು ನಿಮ್ಮ ಮನೆಯಲ್ಲಿ ಕಾಣುವುದಿಲ್ಲ. ಅದಕ್ಕೇ ನಾನು ಮೊದಲು ಕೆಳಗಿನ ಮನೆಯ ಬೆಲ್ ಒತ್ತುತ್ತೇನೆ. ‘ಅಮ್ಮಾ, ನಿಮ್ಮ ಹಾಲಿನ ತಾರಸಿ ಒಂದ್ಸಲ ನೋಡಬಹುದಾ?’ ಫಾಲ್ಸ್ ಸೀಲಿಂಗ್ ಮಾಡಿಸಿದ್ದರೆ ಬಿಲ್ಡರ್ ಕೊಟ್ಟ ನಕ್ಷೆಯನ್ನೇ ತೆಗೆಸಬೇಕು. ಸೋರಿದರೆ ನೀರು ಹೋಗುವುದೂ ಅದೇ ಅಮ್ಮನ ಮನೆಗೆ. ಅವರಿಗೆ ವಿಷಯ ಮೊದಲೇ ತಿಳಿದಿರುವುದು ನ್ಯಾಯ.

ಆಮೇಲಿನದು ಕೈಕೆಲಸ. ರಸಮಟ್ಟ ಇಟ್ಟು ಸ್ಟ್ಯಾಂಡನ್ನು ಸಮ ಮಾಡುವುದು, ಗಾಜಿನಡಿ ಥರ್ಮಾಕೋಲ್ ಹಾಸುವುದು, ಕಾಲು ಭಾಗ ತುಂಬಿಸಿ ಮತ್ತೆ ಮಟ್ಟ ನೋಡುವುದು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಮೇಲೇರಿರಬೇಕು, ಆಗ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟು ಹೋದಾಗ ತೊಟ್ಟಿಯ ನೀರು ಹಿಂದಕ್ಕೆ ಹರಿಯದಂತೆ ಗಾಳಿಯ ಪೈಪಿಗೆ ವಾಲ್ವ್ ಬೇಕೇ ಬೇಕು.

ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಿಂದಲೂ ಕರೆ ಬರುತ್ತದೆ. ಅಲ್ಲಿ ಮಹಡಿಯ ನೆಲ ಮದ್ರಾಸ್ ತಾರಸಿಯದಾಗಿದ್ದರೆ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಕೂರಿಸಿ ಗಾರೆ ಹಾಕಿದ್ದಾದರೆ, ದೊಡ್ಡ ತೊಟ್ಟಿಯ ಆರ್ಡರನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಗೋಡೆಯೊಳಗೆ ಹೂತ ತೊಲೆಯ ತುದಿ ಗಟ್ಟಿಯಿದೆಯೋ ಲಡ್ಡಾಗಿದೆಯೋ ಹೊರಗಿನಿಂದ ಹೇಳಲಾಗದು. ‘ಕೆಳಗೆ ನೆಲಮಟ್ಟದ ಪಡಸಾಲೆಯಲ್ಲಿಡೋಣ ಸಾರ್, ಬೇಕಾದಷ್ಟು ದೊಡ್ಡದು ಮಾಡಿಕೊಡ್ತೀನಿ’ ಎನ್ನುತ್ತೇನೆ. ಒಪ್ಪಿದವರೂ ಇದ್ದಾರೆ, ಬೇರೆ ಅಂಗಡಿಗೆ ಹೋದವರೂ ಇದ್ದಾರೆ.