ಖಾಲಿ ಗೋಡೆಯ ಮೇಲೆ ಒಂದೇ ಚಿತ್ರ

ಯುದ್ಧ ಬರುತ್ತೆ ಅಂತ ಗೊತ್ತಾದಾಗ ಒಂದು ದೇಶ ಏನನ್ನ ಬಚ್ಚಿಡುತ್ತೆ? ಚಿನ್ನವನ್ನ, ದಾಖಲೆಗಳನ್ನ ಅಂತೀರಿ. ಬ್ರಿಟನ್ ಚಿತ್ರಗಳನ್ನೂ ಬಚ್ಚಿಟ್ಟಿತು.

1939ರ ಆಗಸ್ಟ್ ಕೊನೆಯ ವಾರ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಿಂದ ಚಿತ್ರಗಳು ಒಂದೊಂದಾಗಿ ಕೆಳಗಿಳಿದು ವೇಲ್ಸ್ ಕಡೆ ಹೊರಟವು. ಬ್ರಿಟನ್ ಯುದ್ಧ ಘೋಷಿಸಿದ್ದು ಸೆಪ್ಟೆಂಬರ್ 3ಕ್ಕೆ. ಅದರ ಹಿಂದಿನ ದಿನವೇ ಈ ಕೆಲಸ ಮುಗಿದಿತ್ತು! ಮರುವರ್ಷ, ಎಲ್ಲವನ್ನೂ ಕೆನಡಾಕ್ಕೆ ಕಳಿಸಿಬಿಡೋಣ ಎಂಬ ಸಲಹೆ ಬಂತು. ಪ್ರಧಾನಿ ಚರ್ಚಿಲ್ ಒಪ್ಪಲಿಲ್ಲ. ಗುಹೆಯಲ್ಲಾದರೂ ಇಡಿ, ದೇಶ ಬಿಟ್ಟು ಹೋಗಕೂಡದು ಅಂದರು. 1941ರಲ್ಲಿ ಚಿತ್ರಗಳು ವೇಲ್ಸ್‌ನ ಮ್ಯಾನೊಡ್ ಎಂಬಲ್ಲಿನ ಕಲ್ಲುಗಣಿಯೊಳಗೆ ಸೇರಿದವು.

ಹಾಗಾದ್ರೆ ಖಾಲಿ ಕಟ್ಟಡಕ್ಕೆ ಬೀಗ ಹಾಕಿದ್ರಾ? ಇಲ್ಲ. ಪಿಯಾನೋ ಕಲಾವಿದೆ ಮೈರಾ ಹೆಸ್ 1939ರ ಅಕ್ಟೋಬರ್‌ನಲ್ಲೇ ಅಲ್ಲಿ ಮಧ್ಯಾಹ್ನದ ಕಛೇರಿ ಶುರು ಮಾಡಿದರು. ಟಿಕೆಟ್ ಒಂದು ಶಿಲ್ಲಿಂಗ್. ನುಡಿಸಿದ್ದರಲ್ಲಿ ಜರ್ಮನಿಯ ಬೀಥೋವನ್ ಕೃತಿಗಳೂ ಇದ್ದವು. ಯುದ್ಧ ಹಿಟ್ಲರ್ ಜೊತೆ, ಬೀಥೋವನ್ ಜೊತೆ ಅಲ್ಲವಲ್ಲ! ಗ್ಯಾಲರಿಯ ಮೇಲೇ ಬಾಂಬ್ ಬಿತ್ತು. ಕಛೇರಿ ನಿಲ್ಲಲಿಲ್ಲ. 1946ರವರೆಗೆ ಒಟ್ಟು 1,698 ಕಛೇರಿಗಳು ನಡೆದವು. ಯುದ್ಧವನ್ನು ಚಿತ್ರಿಸಿದ ಕಲಾವಿದರ ತಾತ್ಕಾಲಿಕ ಪ್ರದರ್ಶನಗಳಿಗೂ ಇದೇ ಗೋಡೆಗಳು ಜಾಗ ಕೊಟ್ಟವು.

ಆದ್ರೂ ಜನಕ್ಕೆ ಸಮಾಧಾನ ಇರಲಿಲ್ಲ. 1942ರ ಜನವರಿಯಲ್ಲಿ ಓದುಗರೊಬ್ಬರು ಪತ್ರಿಕೆಗೆ ಬರೆದರು: ನಗರ ಹೀಗೆ ಗಾಯಗೊಂಡಿರುವಾಗಲೇ ನಮಗೆ ಸುಂದರವಾದದ್ದು ಬೇಕು, ಒಂದಾದರೂ ಚಿತ್ರ ತೋರಿಸಿ ಎಂಬುದು ಅವರ ಬೇಡಿಕೆ. ನಿರ್ದೇಶಕ ಕೆನೆತ್ ಕ್ಲಾರ್ಕ್ ಮನಸ್ಸು ಮಾಡಿದರು. ತಿಂಗಳಿಗೊಂದು ಚಿತ್ರ ಗಣಿಯಿಂದ ಲಂಡನ್ನಿಗೆ ಬರತೊಡಗಿತು. ಟಿಷಿಯನ್‌ನ 'ನೋಲಿ ಮೆ ತಾಂಜೆರೆ' ಆ ಸಾಲಿನಲ್ಲಿ ಮೊದಲು ಬಂದವುಗಳಲ್ಲೊಂದು. ಹಗಲು ಗೋಡೆಯ ಮೇಲೆ, ರಾತ್ರಿ ನೆಲದಡಿಯ ಸುರಕ್ಷಿತ ಜಾಗದಲ್ಲಿ. ಒಂದೇ ಒಂದು ಚಿತ್ರ ನೋಡೋಕೆ ಸಾವಿರಾರು ಜನ ಬಂದರು.

ಇನ್ನೊಂದು ವಿಷಯ ಗಮನಿಸಿ. ಗಣಿಯೊಳಗೆ ಉಷ್ಣತೆ, ತೇವಾಂಶ ಏರುಪೇರಾಗದಂತೆ ನೋಡಿಕೊಂಡಿದ್ದರಿಂದ ಚಿತ್ರಗಳು ಮೊದಲಿಗಿಂತ ಚೆನ್ನಾಗಿ ಉಳಿದವು. ಯುದ್ಧ ಮುಗಿದ ಮೇಲೆ ಗ್ಯಾಲರಿಗೆ ಹವಾನಿಯಂತ್ರಣ ಅಳವಡಿಸಲು ಆ ಪಾಠವೇ ಕಾರಣವಾಯಿತು.

ಚಿತ್ರವನ್ನ ಗಣಿಯಲ್ಲೇ ಇಟ್ಟಿದ್ರೆ ಅಪಾಯವೇ ಇರ್ತಿರಲಿಲ್ಲ, ನಿಜ. ಆದರೆ ಯಾರೂ ನೋಡದ ಚಿತ್ರವನ್ನ ಕಾಪಾಡಿ ಏನು ಮಾಡೋದು? ಜನರ ಆಸ್ತಿ ಜನರ ಕಣ್ಣೆದುರು ಇರಬೇಕು. ಬಾಂಬ್ ಬೀಳುವ ಊರಲ್ಲೇ ಅವರು ತಿಂಗಳಿಗೊಂದು ಚಿತ್ರ ತೋರಿಸಿದರು. ಬಾಂಬೇ ಇಲ್ಲದ ನಮ್ಮೂರಲ್ಲಿ ವಸ್ತುಸಂಗ್ರಹಾಲಯದ ಒಳಗೆ ನಾವು ಕೊನೆಯ ಸಲ ಕಾಲಿಟ್ಟಿದ್ದು ಯಾವಾಗ?