ಮೊಬೈಲ್ ವಾದ್ಯದ ಪಾಲನೆ: ಓಕರೀನ ಆ್ಯಪ್ ಕಲಿಸುವ ಪಾಠ

ಇಟಲಿಯ ಬೂದ್ರಿಯೊ ಎಂಬ ಊರಿನಲ್ಲಿ ಜೂಸೆಪ್ಪೆ ದೊನಾತಿ ಎಂಬವನು 1853ರಲ್ಲಿ ಮಣ್ಣಿನ ಊದುವಾದ್ಯವೊಂದನ್ನು ರೂಪಿಸಿದನು. ಅದೇ ಇಂದು ಓಕರೀನವೆಂದು ಪ್ರಸಿದ್ಧವಾಗಿದೆ. ಇದಾಗಿ ನೂರೈವತ್ತೈದು ವರ್ಷಗಳ ತರುವಾಯ, 2008ರ ನವೆಂಬರಿನಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅದೇ ಹೆಸರಿನ ಮತ್ತೊಂದು ವಾದ್ಯವು ಐಫೋನಿನ ಆ್ಯಪ್ ಆಗಿ ಹೊರಬಂದಿತು. ಮಣ್ಣಿನ ಓಕರೀನವು ಒಡೆಯದೆ ಉಳಿದರೆ ಎಷ್ಟು ಕಾಲದ ಮೇಲೆ ಊದಿದರೂ ನುಡಿಯಬಲ್ಲದು. ಫೋನಿನ ಓಕರೀನಕ್ಕೆ ಈ ಭಾಗ್ಯವಿಲ್ಲ. ಅದು ಏಕೆ ಇಲ್ಲ, ಮತ್ತು ಅದರಿಂದ ಇತಿಹಾಸದ ವಿದ್ಯಾರ್ಥಿಯು ತಿಳಿಯಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಆ್ಯಪನ್ನು ರಚಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಅಧ್ಯಾಪಕರಾದ ಗೆ ವಾಂಗ್ ಮತ್ತು ಅವರು ಅದೇ ವರ್ಷ ಸಹಸ್ಥಾಪಿಸಿದ ಸ್ಮ್ಯೂಲ್ ಸಂಸ್ಥೆಯವರು. ಫೋನಿನ ಅಂಗಗಳನ್ನೇ ವಾದ್ಯದ ಅಂಗಗಳನ್ನಾಗಿ ಮಾಡಿಕೊಂಡುದು ಇದರ ವೈಶಿಷ್ಟ್ಯ. ಮೈಕ್ರೊಫೋನಿನೊಳಕ್ಕೆ ಊದಿದರೆ ನಾದವು ಹೊರಡುತ್ತದೆ. ಪರದೆಯ ಮೇಲಣ ನಾಲ್ಕು ರಂಧ್ರಗಳನ್ನು ಬೆರಳಿನಿಂದ ಮುಚ್ಚಿ ತೆರೆಯುವುದರಿಂದ ಸ್ವರಗಳು ಬದಲಾಗುತ್ತವೆ. ಫೋನನ್ನು ಓರೆಮಾಡಿದರೆ ಸ್ವರಕ್ಕೆ ಕಂಪನವು ಬರುತ್ತದೆ. ಇದಲ್ಲದೆ, ಭೂಗೋಳದ ಚಿತ್ರವೊಂದರ ಮೇಲೆ ಲೋಕದ ಬೇರೆ ಬೇರೆ ಕಡೆಗಳಲ್ಲಿ ಇತರರು ನುಡಿಸಿದುದನ್ನು ಕೇಳುವ ಏರ್ಪಾಡೂ ಇದ್ದಿತು.

ಇಂಥ ವಾದ್ಯವು ನಿಂತ ನೆಲ ಪರರದು ಎಂಬುದನ್ನು ಇಲ್ಲಿ ಮುಖ್ಯವಾಗಿ ಗಮನಿಸಬೇಕು. ಆಪಲ್ ಸಂಸ್ಥೆಯು ತನ್ನ ಆ್ಯಪ್ ಮಳಿಗೆಯನ್ನು 2008ರ ಜುಲೈಯಲ್ಲಿ ತೆರೆಯಿತು. ಅಂದಿನಿಂದ ಆ ನೆಲವು ಬದಲಾಗುತ್ತಲೇ ಬಂದಿದೆ. 2013ರಲ್ಲಿ ಬಂದ ಐಓಎಸ್ 7ರಿಂದ ಮುಂದೆ, ಮೈಕ್ರೊಫೋನನ್ನು ಬಳಸುವ ಪ್ರತಿಯೊಂದು ಆ್ಯಪೂ ಮೊದಲು ಫೋನಿನ ಒಡೆಯನ ಅನುಮತಿಯನ್ನು ಪಡೆಯಬೇಕಾಯಿತು. ಉಸಿರಿನಿಂದ ನುಡಿಯುವ ವಾದ್ಯವು ಉಸಿರಿಗೇ ಅಪ್ಪಣೆ ಕೇಳುವಂತಾಯಿತು. ಒಂದು ಆ್ಯಪಿನ ನಾದವನ್ನು ಮತ್ತೊಂದಕ್ಕೆ ಹರಿಸುವ ವ್ಯವಸ್ಥೆಯೊಂದನ್ನು ಆಪಲ್ 2013ರಲ್ಲಿಯೇ ಒದಗಿಸಿ, 2019ರಲ್ಲಿ ಅದು ತ್ಯಾಜ್ಯವೆಂದು ಸಾರಿತು. ಅದನ್ನು ನಂಬಿ ಸಂಗೀತದ ಆ್ಯಪುಗಳನ್ನು ಕಟ್ಟಿದ್ದವರು ಬೇರೆ ದಾರಿಯನ್ನು ಹಿಡಿಯಬೇಕಾಯಿತು.

ಇವೆಲ್ಲಕ್ಕಿಂತ ದೊಡ್ಡ ಪಲ್ಲಟವು 32 ಬಿಟ್ಟಿನಿಂದ 64 ಬಿಟ್ಟಿನ ಸಂಸ್ಕಾರಕಗಳಿಗೆ ಆದ ಮಾರ್ಪಾಡು. 2015ರ ಫೆಬ್ರವರಿಯಿಂದ ಹೊಸ ಆ್ಯಪುಗಳೂ ಜೂನಿನಿಂದ ಹಳೆಯವುಗಳ ಪರಿಷ್ಕೃತ ಆವೃತ್ತಿಗಳೂ 64 ಬಿಟ್ಟಿಗೆ ಹೊಂದಿಕೊಂಡಿರಬೇಕೆಂಬ ನಿಯಮ ಬಂದಿತು. 2017ರ ಸೆಪ್ಟೆಂಬರಿನಲ್ಲಿ ಐಓಎಸ್ 11 ಬಂದಾಗ, ಹಾಗೆ ಹೊಂದಿಕೊಳ್ಳದ ಆ್ಯಪುಗಳು ಆ ವ್ಯವಸ್ಥೆಯನ್ನು ಅಳವಡಿಸಿಕೊಂಡ ಫೋನುಗಳಲ್ಲಿ ತೆರೆಯದಾದವು. ಅವುಗಳೊಳಗೆ ಒಂದಕ್ಷರವೂ ಕೆಟ್ಟಿರಲಿಲ್ಲ. ಕೆಟ್ಟುದು ಅವುಗಳಿಗೂ ಸುತ್ತಣ ಲೋಕಕ್ಕೂ ಇದ್ದ ಸಂಬಂಧ. ರಚಿಸಿದವನು ಆಸಕ್ತಿಯನ್ನು ಕಳೆದುಕೊಂಡಿದ್ದರೆ, ಇಲ್ಲವೆ ಸಂಸ್ಥೆಯು ಮುಚ್ಚಿದ್ದರೆ, ವಾದ್ಯವು ಅಲ್ಲಿಗೆ ಮೌನವಾಯಿತು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಮೊದಲನೆಯದು ರಚನಕಾರರಿಗೆ ಸಂಬಂಧಿಸಿದ್ದು. ಆ್ಯಪನ್ನು ಕಟ್ಟುವುದು ಒಂದು ಸಲದ ಕೆಲಸ. ಪಾಲಿಸುವುದು ವರ್ಷ ವರ್ಷದ ಕೆಲಸ. ಪರರ ನೆಲಕ್ಕೆ ತಗಲುವ ಭಾಗವನ್ನು ಕಿರಿದಾಗಿಟ್ಟು, ನಾದವನ್ನು ಉಂಟುಮಾಡುವ ಭಾಗವನ್ನು ಅದರಿಂದ ಬೇರ್ಪಡಿಸಿಟ್ಟರೆ ಪಾಲನೆಯ ಹೊರೆ ಹಗುರವಾಗುತ್ತದೆ. ದೂರದ ಸರ್ವರನ್ನು ಅವಲಂಬಿಸಿದ ಭಾಗವು ಸರ್ವರು ನಿಂತ ದಿನವೇ ನಿಲ್ಲುತ್ತದೆಯಾದ್ದರಿಂದ, ಅದಿಲ್ಲದೆಯೂ ವಾದ್ಯವು ನುಡಿಯುವಂತಿರಬೇಕು.

ಎರಡನೆಯ ಪಾಠವು ನಮ್ಮದು. ಶಾಸನವನ್ನು ಓದುವವನು ಕಲ್ಲು ಉಳಿದಿರುವುದೆಂಬ ಭರವಸೆಯಿಂದ ಹೊರಡುತ್ತಾನೆ. ಆ್ಯಪಿನ ಇತಿಹಾಸವನ್ನು ಬರೆಯುವವನಿಗೆ ಆ ಭರವಸೆಯಿಲ್ಲ. ಗಾಯಕಿ ಬ್ಯೋರ್ಕ್ ಅವರು 2011ರಲ್ಲಿ ಹೊರತಂದ ಬಯೋಫಿಲಿಯ ಆ್ಯಪನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2014ರಲ್ಲಿ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಚಿತ್ರಪಟವನ್ನು ಗೋಡೆಗೆ ತೂಗುಹಾಕಿದಂತೆ ಆ್ಯಪನ್ನು ಇರಿಸಲಾಗದು. ಅದು ನಡೆಯುವ ಯಂತ್ರವನ್ನೂ ವ್ಯವಸ್ಥೆಯನ್ನೂ ಜೊತೆಗೆ ಉಳಿಸಬೇಕು. ಆದಕಾರಣ ಪ್ರತಿಯೊಂದು ಆವೃತ್ತಿಯೊಡನೆ ಪ್ರಕಟವಾಗುವ ಬದಲಾವಣೆಯ ಟಿಪ್ಪಣಿಗಳು, ನುಡಿಸಿದವರ ಚಲಚ್ಚಿತ್ರಗಳು, ಹಳೆಯ ಫೋನುಗಳು ಇವೆಲ್ಲವೂ ಈ ಇತಿಹಾಸದ ಆಕರಗಳೆಂದು ನಾವು ಎಣಿಸಬೇಕು.

ಈ ವಿಷಯವು ನಮಗೆ ದೂರದ್ದೇನೂ ಅಲ್ಲ. ನಮ್ಮ ಸಂಗೀತಪಾಠದ ಮನೆಗಳಲ್ಲಿ ತಂಬೂರಿಯ ಎಡೆಗೆ ಮೊದಲು ಶ್ರುತಿಪೆಟ್ಟಿಗೆ ಬಂದಿತು, ಅನಂತರ ವಿದ್ಯುತ್ತಿನ ತಂಬೂರಿ. ಈಗ ಅನೇಕರ ಶ್ರುತಿ ಫೋನಿನಲ್ಲಿದೆ. ಅಟ್ಟದ ಮೇಲಿಟ್ಟ ತಂಬೂರಿಯನ್ನು ಮೊಮ್ಮಗಳು ಇಳಿಸಿ, ತಂತಿ ಕಟ್ಟಿಸಿ ಮೀಟಬಹುದು. ಇಂದಿನ ಶಿಷ್ಯರು ಯಾವ ಶ್ರುತಿಗೆ ದನಿಗೂಡಿಸಿ ಹಾಡಿದರೆಂಬುದನ್ನು ನಾಳಿನವರು ತಿಳಿಯಬೇಕಾದರೆ, ಆ ಆ್ಯಪುಗಳು ಇನ್ನೂ ನುಡಿಯುತ್ತಿರುವಾಗಲೇ ಅವುಗಳ ವಿವರವನ್ನು ಬರೆದಿಡಬೇಕು. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಪಾಠಶಾಲೆಯಿಂದಲೇ ಈ ಕಾರ್ಯವನ್ನು ಆರಂಭಿಸಬಹುದಾಗಿದೆ.